ನಾಲ್ಕಾಣೆ ಆರಾಮ

ಮೆಣಸಿನಕಾಯಿ ಬಜ್ಜಿ ತಿಂದು ಮುಗಿಸಿದ ಮೇಲೆ ಅದನ್ನು ಕಟ್ಟಿಕೊಟ್ಟ ಕಾಗದ ಓದುವುದು ನನ್ನ ಹಳೆಯ ಚಟ. ನನ್ನ ಹೆಂಡತಿ ಇದನ್ನು ಎರಡನೇ ಪ್ಲೇಟು ಎನ್ನುತ್ತಾಳೆ. ಇವತ್ತು ಸಿಕ್ಕ ತುಂಡಿನಲ್ಲಿ, ಖಿನ್ನತೆಗೆ ಕೊಡುವ ಔಷಧ ಯಾರಿಗೆ ಎಷ್ಟು ನಾಟುತ್ತದೆಂದು ಮೊದಲೇ ಹೇಳಲು ಓದಿದವರೆಲ್ಲ ತಲೆ ಕೆಡಿಸಿಕೊಂಡಿರುವ ಸುದ್ದಿ ಇತ್ತು. ಹೇಗೆ ಹೇಳುತ್ತಾರೆ ಎಂಬ ಸಾಲಿಗೆ ಬರುವಷ್ಟರಲ್ಲಿ ಎಣ್ಣೆ ಅಕ್ಷರಗಳನ್ನು ನುಂಗಿಬಿಟ್ಟಿತ್ತು. ಬೆಳಕಿಗೆ ಹಿಡಿದರೆ ಹಿಂಬದಿಯ ಟ್ರ್ಯಾಕ್ಟರ್ ಜಾಹೀರಾತು ಕಂಡಿತು. ಹೋಗಲಿ ಬಿಡಿ. ನನಗೆ ನೆನಪಾದದ್ದು ನಮ್ಮ ದೊಡ್ಡವ್ವ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಹಾಲಿನವನಿಗೆ, "ನಾಳಿಗೆ ನೀರಿನಾಗ ಒಂಚೂರು ಹಾಲು ಹಾಕ್ಕೊಂಡು ಬಾರಪಾ" ಎನ್ನುವವಳು. ಅಂಥವಳು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಮಾತು ನಿಲ್ಲಿಸಿದಳು. ಜ್ವರವಿಲ್ಲ, ಜಗಳವಿಲ್ಲ. ಗೋಡೆಗೆ ಮುಖ ಮಾಡಿ ಮಲಗುವಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಕೂತುಬಿಡುವಳು. ಮನೆ ಶಾಂತವಾಯಿತೆಂದು ಮೊದಲು ಖುಷಿಪಟ್ಟೆವು, ಆಮೇಲೆ ಹೆದರಿದೆವು.

ಹರಪನಹಳ್ಳಿಯಲ್ಲಿ ಆಗ ಕರಾವಳಿ ಕಡೆಯ ಡಾಕ್ಟರೊಬ್ಬರು ಹೊಸದಾಗಿ ದವಾಖಾನೆ ತೆರೆದಿದ್ದರು. ಪುಸ್ತಕದಂಥ ಕನ್ನಡ, ಒಳ್ಳೆಯ ಮನುಷ್ಯ. ಮನಸ್ಸಿನ ಕಾಯಿಲೆಯೆಂದು ಹೇಳಿ ಗುಳಿಗೆ ಬರೆದುಕೊಟ್ಟರು. "ಎಂದಿಗೆ ಆರಾಮಾಗ್ತಾಳ್ರಿ ಸಾಹೇಬ್ರ?" ಎಂದು ದೊಡ್ಡಪ್ಪ ಕೇಳಿದ.

"ಅದನ್ನು ಮೊದಲೇ ಹೇಳಲಿಕ್ಕೆ ಬರುವುದಿಲ್ಲ. ಅದೇ ಗುಳಿಗೆಯಿಂದ ಒಬ್ಬರು ಎದ್ದು ಓಡಾಡುತ್ತಾರೆ, ಇನ್ನೊಬ್ಬರಿಗೆ ಏನೂ ಆಗುವುದಿಲ್ಲ. ನೋಡುತ್ತಾ ಹೋಗಬೇಕು."

ದೊಡ್ಡಪ್ಪನದು ಸೈಕಲ್ ಅಂಗಡಿ. ಪಂಕ್ಚರ್ ಹಾಕಿ ಕೊಡುವಾಗಲೇ ಅದು ಎಷ್ಟು ದಿನ ಬಾಳುತ್ತದೆಂದು ಹೇಳುವವನಿಗೆ ಈ ಉತ್ತರ ರುಚಿಸಲಿಲ್ಲ. ಮನೆಗೆ ಬಂದು ತಾನೇ ಯುಗಾದಿಯ ಗಡುವು ಕೊಟ್ಟ. ಎದುರು ಮನೆಯವರು ಅದಕ್ಕಿಂತ ಮೊದಲೇ ಎಂದರು. ಬಿ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ನಾನು ಮನಶ್ಶಾಸ್ತ್ರದ ಒಂದು ಪೇಪರು ಓದಿದವನೆಂಬ ಗತ್ತಿನಲ್ಲಿ, ಯಾರು ಯಾವ ತಿಂಗಳು ಹೇಳಿದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ನಿಮಗೆ ಗೊತ್ತಿರಬೇಕು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಆರಾಮ ಎನ್ನಬೇಕು. ಕಾಲು ಮುರಿದುಕೊಂಡವನೂ ಮೊದಲು ಆರಾಮ ಎಂದು, ನಿಮ್ಮ ಆರಾಮ ವಿಚಾರಿಸಿ, ಆಮೇಲೆ ಕಾಲಿನ ಸುದ್ದಿಗೆ ಬರುತ್ತಾನೆ. ಕರಾವಳಿಯ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಪ್ರತಿ ಸಲ ಅವರು "ಹೇಗಿದ್ದೀರಿ ಅಮ್ಮಾ?" ಎನ್ನುವುದು, ದೊಡ್ಡಪ್ಪ "ಆರಾಮ ಅದಾಳ್ರಿ. ನೀವು ಆರಾಮ ಅದೀರಿಲ್ರಿ?" ಎನ್ನುವುದು, ದೊಡ್ಡವ್ವ ನೆಲ ನೋಡುವುದು, ಡಾಕ್ಟರು ಸಂತೋಷದಿಂದ ಬರೆದುಕೊಳ್ಳುವುದು.

ವಾಪಸು ಬರುವ ಬಸ್ಸಿನಲ್ಲಿ ನಾನು ಕೇಳಿದೆ: "ನಿನ್ನಿ ಇಡೀ ದಿನ ಆಕಿ ಉಂಡಿಲ್ಲ. ಆರಾಮ ಅಂತ ಯಾಕ ಹೇಳಿದಿ ದೊಡ್ಡಪ್ಪ?"

"ಪಾಪ, ಅಷ್ಟು ದೂರದಿಂದ ಬಂದು ಇಲ್ಲಿ ಕುಂತಾನ ಆ ಮನುಷ್ಯ. ನೀ ಕೊಟ್ಟ ಔಷಧ ನಾಟಿಲ್ಲ ಅಂತ ಮಾರಿ ಮ್ಯಾಲ ಹೆಂಗ ಹೇಳೂದಲೇ?"

ಹೀಗೆ ಡಾಕ್ಟರ ಮನಸ್ಸು ನೋಯಿಸದೆ ಕಾಪಾಡಿಕೊಂಡು ಬಂದೆವು. ಒಂದು ದಿನ ಅವರು ನಗುತ್ತಾ ಪೆನ್ನು ತೆಗೆದು, "ಇಷ್ಟು ಗುಣವಾಗಿದ್ದರೆ ಇನ್ನು ಗುಳಿಗೆ ಬೇಡ. ಇವತ್ತಿಗೆ ನಿಲ್ಲಿಸೋಣ" ಎಂದರು. ದೊಡ್ಡಪ್ಪನ ಮುಖ ಇಳಿದುಹೋಯಿತು. ಅದೊಂದೇ ದಾರಿ ಉಳಿದಿತ್ತು, ಅದೂ ಮುಚ್ಚುತ್ತಿತ್ತು. ಆದರೂ ಅವನ ಬಾಯಿಂದ 'ಆರಾಮಿಲ್ಲ' ಎಂಬ ಮಾತು ಹೊರಡಲಿಲ್ಲ.

"ನಿಲ್ಲಸಬ್ಯಾಡ್ರಿ."

ಹೇಳಿದವಳು ದೊಡ್ಡವ್ವ.

"ನಾಕಾಣಿ ಆರಾಮಾಗೈತ್ರಿ. ಇನ್ನ ಹನ್ನೆರಡಾಣಿ ಹಂಗ ಐತಿ. ಇವ್ರು ಸೈಕಲ್ ಗಿರಾಕಿ ಕೂಡ ಮಾತಾಡಿದಂಗ ನಿಮ್ಮ ಕೂಡ ಮಾತಾಡ್ತಾರ. ಕೇಳಬ್ಯಾಡ್ರಿ ಇವರ ಮಾತು."

ಆಣೆಗಳು ಚಲಾವಣೆಯಿಂದ ಹೋಗಿ ವರ್ಷಗಳಾಗಿದ್ದವು. ಆದರೆ ನಮ್ಮ ಹೆಂಗಸರ ಬಾಯಲ್ಲಿ ಆಗಲೂ ಹದಿನಾರಾಣೆ ಸೇರಿದರೇ ರೂಪಾಯಿ. ಡಾಕ್ಟರಿಗೆ ಲೆಕ್ಕ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಮತ್ತೆ ಹೋದ ಸಲ ಯಾಕಮ್ಮಾ ಹೇಳಲಿಲ್ಲ?" ಎಂದರು.

"ಹೋದ ಸಲ, ಹೇಳೂ ಅಷ್ಟೂ ಆರಾಮಿದ್ದಿಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾಲ್ಕಾಣೆಯಲ್ಲಿ ಏನೇನು ಬಂತೆಂದು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು. "ಚಾದ ವಾಸನಿ ಬರಾಕತ್ತೈತಿ. ಇವರ ಮ್ಯಾಲ ಸಿಟ್ಟೂ ಬರಾಕತ್ತೈತಿ" ಎಂದಳು. ಅವರು ನಕ್ಕೇಬಿಟ್ಟರು. ಗುಳಿಗೆ ಬದಲಿಸಿ ಬರೆದರು. ಇನ್ನಾದರೂ ಗುಣವಾಗುತ್ತಾಳಾ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, "ಈಗಲೂ ಹೇಳಲಾರೆ ಮಾರಾಯರೇ. ಆದರೆ ಎಲ್ಲಿದ್ದೇವೆ ಅಂತ ಇವತ್ತು ಗೊತ್ತಾಯಿತು" ಎಂದರು.

ಅವತ್ತಿನಿಂದ ದೊಡ್ಡಪ್ಪ ಬೆಳಗಾದರೆ "ಎಷ್ಟಾಣಿ?" ಎಂದು ಕೇಳತೊಡಗಿದ. "ನಾನೇನ್ ಸಂತ್ಯಾಗಿನ ಬದನಿಕಾಯೇನ್ರಿ?" ಎಂದು ಅವಳು ರೇಗಿದ ದಿನ ನಾವೆಲ್ಲ ಮನಸ್ಸಿನಲ್ಲೇ ಎಂಟಾಣೆ ಬರೆದುಕೊಂಡೆವು. ಯುಗಾದಿ ಬಂದು ಹೋಯಿತು, ಎದುರು ಮನೆಯವರ ಗಡುವೂ ಹೋಯಿತು. ಅವಳು ತನ್ನ ಲೆಕ್ಕದಲ್ಲೇ ಏರಿ ಹದಿನಾಲ್ಕಾಣೆಗೆ ನಿಂತಳು. ಹಾಲಿನವನು ಮತ್ತೆ ಹೆದರತೊಡಗಿದ. ನನಗಂತೂ ಹಬ್ಬದಷ್ಟು ಸಂತೋಷವಾಯಿತು.

ಎಂಬತ್ತರ ದಶಕದಲ್ಲಿ ನನಗೆ ಹಡಗಲಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಒಂಟಿ ಕೋಣೆ, ಮುಗಿಯದ ಸಂಜೆಗಳು. ಒಂದು ಭಾನುವಾರ ಊರಿಗೆ ಬಂದಾಗ, ಆರಾಮ ಎಂದು ನಗುತ್ತಲೇ ಒಳಗೆ ಬಂದೆ. ದೊಡ್ಡವ್ವ ನನ್ನನ್ನೇ ನೋಡಿ, "ಅದನ್ನ ಓಣ್ಯಾಗಿನ ಮಂದಿಗೆ ಹೇಳು. ನನಗ ಆಣಿ ಲೆಕ್ಕದಾಗ ಹೇಳು" ಎಂದಳು. ಆರಾಣೆ ಎಂದೆ. ಅವಳು ಹೊರಸಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕುಂದ್ರು. ಉಳಿದ ಹತ್ತಾಣಿದು ಮಾತಾಡೂಣು."

ಇಷ್ಟು ನೆನೆಯುತ್ತ ಕೂತಿರುವಾಗ, ಪಕ್ಕದ ಮನೆಗೆ ಬಾಡಿಗೆ ಬಂದಿರುವ ಬ್ಯಾಂಕಿನ ಹುಡುಗ ಗೇಟಿನಾಚೆಯಿಂದ ದಿನದಂತೆ "ಆರಾಮೇನ್ರಿ ಸರ?" ಎಂದ. ದಿನದಂತೆ ಆರಾಮ ಎಂದುಬಿಡಬಹುದಿತ್ತು.

"ಇವತ್ತು ಹನ್ನೊಂದಾಣಿ ಅಷ್ಟ ನೋಡಪಾ" ಎಂದೆ.

"ಹಂಗಂದ್ರೇನ್ರಿ ಸರ?"

ಹದಿನಾರರಲ್ಲಿ ಹನ್ನೊಂದು ಎಂದು ಬಿಡಿಸಿ ಹೇಳಿದೆ. ಅವನು ನಗಲಿಲ್ಲ. ಗೇಟು ತೆರೆದು ಒಳಗೆ ಬಂದು, ಚಪ್ಪಲಿ ಬಿಡುತ್ತ, "ಹಂಗಾದ್ರ ನಂದು ಮೂರಾಣಿ ಐತ್ರಿ ಸರ" ಎಂದ.