ಕವಲಿನ ಸಂದಿಯ ವಿಭೂತಿ

ಹೋದ ವರ್ಷ ದೀಪಾವಳಿ ಕಳೆದ ಮೊದಲ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಗುಂಡ್ಲುಪೇಟೆಯ ನನ್ನ ಭಾವನ ಮನೆಯ ಮಹಡಿಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಎದುರಿಗೆ ಮಂಚದಷ್ಟು ಅಗಲದ ಹಲಗೆ. ಅದರ ಮೇಲೆ ಭಾವ ವರ್ಷಗಟ್ಟಲೆ ಕೂತು ಜೋಡಿಸಿದ ಪುಟ್ಟ ರೈಲುಹಳಿ, ಅಂಗೈಯಲ್ಲಿ ಹಿಡಿಸುವ ಕಪ್ಪು ಉಗಿ ಎಂಜಿನ್ನಿನ ಮಾದರಿ. ಓಡುವುದು ಕರೆಂಟಿನಲ್ಲಿ. "ಊರ್ಗೇ ರೈಲಿಲ್ಲ, ನಮ್ಮನೇಲ್ ಮಾತ್ರ ಅದ" ಎಂದು ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅಕ್ಕ ಆಯುಧಪೂಜೆಯಾದ ವಾರದಲ್ಲೇ ತೀರಿಕೊಂಡಿದ್ದಳು.

ಚಾಮರಾಜನಗರದಿಂದ ಮಗಳು ಬಂದು ತನ್ನ ಮನೆಗೆ ಕರೆದರೂ ಭಾವ ಹೊರಟಿರಲಿಲ್ಲ. "ಇದೊಂದ್ ಸುತ್ತು ಬೀಳ್ದಂಗೆ ಓಡ್ಲಿ ಕಣವ್ವ, ಬತ್ತೀನಿ" ಎನ್ನುತ್ತಿದ್ದರು. ಎಂಜಿನ್ನು ಹಳಿ ಕವಲೊಡೆಯುವ ಜಾಗದಲ್ಲಿ ತಪ್ಪದೆ ಬೀಳುತ್ತಿತ್ತು. ಮುಂದಿನ ಸಣ್ಣ ಗಾಲಿಗಳು ಮೊದಲು ಮೇಲೇಳುತ್ತಿದ್ದವು. ಭಾವ ಗಾಲಿಗಳ ನಡುವಿನ ಅಂತರ ಅಳೆದರು. ಭಾರಕ್ಕೆಂದು ಅವುಗಳ ಮೇಲ್ಗಡೆ ಸೀಸದ ಚೂರು ಅಂಟಿಸಿದರು. ಹಲಗೆ ತಗ್ಗಿರಬಹುದೆಂದು ಅಡಿಗೆ ರಟ್ಟು ಕೊಟ್ಟರು. ಆದರೂ ಬಿತ್ತು.

"ನಿಧಾನಕ್ ಬುಡ್ತೀನಿ, ಬಗ್ಗಿ ನೋಡ್ಲಾ. ನಿನ್ ಕಣ್ಣಿನ್ನೂ ಚೆನ್ನಾಗದಲ್ಲ" ಎಂದರು ನನಗೆ.

ಕೆನ್ನೆಯನ್ನು ಹಲಗೆಗೆ ಒತ್ತಿ ನೋಡಿದೆ. ಕವಲಿನಲ್ಲಿ ಗಾಲಿಯ ಅಂಚು ಇಳಿದು ಹೋಗಬೇಕಾದ ಸಂದಿ ತುಂಬಿಕೊಂಡಿತ್ತು. ಗಾಲಿ ಅದರ ಮೇಲೆ ಹತ್ತಿ ಹೊರಗೆ ಜಾರಿತು. ಹಳಿಯ ಸುತ್ತ ಹರಡಿದ್ದ ಪುಡಿಜಲ್ಲಿಯದೇ ಬೂದು ಬಣ್ಣ, ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಮುಟ್ಟಿದೆ. "ವಿಭೂತಿ" ಎಂದೆ.

ಆಯುಧಪೂಜೆಗೆ ಅಕ್ಕ ಸ್ಕೂಟರು, ಕುಡುಗೋಲು, ಹೊಲಿಗೆ ಯಂತ್ರಕ್ಕೆಲ್ಲ ಹಚ್ಚಿ ಮಹಡಿಗೂ ಬರುತ್ತಿದ್ದಳು. ಆ ಸಲ ಹಳಿಗೂ ಅಡ್ಡಲಾಗಿ ಮೂರು ಬೆರಳು ಎಳೆದಿದ್ದಳಂತೆ. "ಬಂಡಿಗ್ ಹಚ್ಚಿ ದಾರಿ ಬುಟ್ರೆ ಆದದಾ?" ಎಂದಿದ್ದಳಂತೆ. ಮಾರನೆಯ ದಿನ ಭಾವ ಹಳಿಯ ಮೇಲ್ಭಾಗವನ್ನಷ್ಟೇ ಒರೆಸಿದ್ದರು. ಸಂದಿಗೆ ಇಳಿದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮಗಳು ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. "ಕೆರ್ದುಬುಡಪ್ಪ. ಆಗೋಯ್ತಲ್ಲ, ಹೊರಡನ."

ಭಾವ ಪಿನ್ನನ್ನು ಸಂದಿಯವರೆಗೆ ಒಯ್ದರು. ಕೆರೆಯದೆ ಮಗಳ ಕೈಗೆ ಹಿಂದಕ್ಕೆ ಕೊಟ್ಟರು. ಎಂಜಿನ್ನನ್ನು ಎತ್ತಿ, ಕವಲು ದಾಟಿಸಿ, ಆಚೆಗೆ ಇಟ್ಟರು. ಅದು ಓಡಿ ಸುತ್ತಿಕೊಂಡು ಬಂತು. ಕವಲಿನ ಹತ್ತಿರ ಮತ್ತೆ ಎತ್ತಿ ದಾಟಿಸಿದರು.

"ಇಂಗೇ ಓಡ್ಲಿ ಬುಡಿ" ಎಂದರು. "ನೀವ್ ಓಗಿ. ನಾನ್ ಇಲ್ಲೇ ಇರ್ತೀನಿ."

ಮಗಳು ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

ಭಾವ ಬೇಸಿಗೆಯಲ್ಲಿ, ಆ ಮನೆಯಲ್ಲೇ ತೀರಿಹೋದರು. ಅವರು ಕೆರೆಯದೆ ಬಿಟ್ಟದ್ದನ್ನು ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು: ನಾನು, ಮತ್ತು ಚಾಮರಾಜನಗರದಲ್ಲಿರುವ ನನ್ನ ಅಕ್ಕನ ಮಗಳು.