ಅರ್ಧಕ್ಕೆ ನಿಂತ ಕುದುರೆ ಸೀರಿಯಲ್ಲು

ಮರಗಮ್ಮ ಅಫಜಲಪುರದ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಮರಾಠಿ ಸೀಮೆಯ ಕಳವಾ ಎಂಬ ಊರಿನ ಗುಡ್ಡದ ಮಗ್ಗುಲಿನ ಒಂದು ತಗಡಿನ ಖೋಲಿಯಲ್ಲೇ ಅವಳ ಸಂಸಾರ. ಗಂಡ ರೇವಣಸಿದ್ದ ತುರ್ಭೆ ಮಾರ್ಕೆಟ್ಟಿನಲ್ಲಿ ಹಮಾಲ. ಅವಳು ಮಹಾಪೆಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ನೆಲ ಒರೆಸಿ, ಚಹಾದ ಕಪ್ಪು ತೊಳೆಯುತ್ತಿದ್ದಳು. ಮಗಳು ಭಾಗ್ಯಾ ಕಾಲೇಜಿಗೆ ಹೋಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಗೋದಾಮಿನಲ್ಲಿ ಒಟ್ಟಿದ್ದ ಚೀಲಗಳು ಜರಿದು ರೇವಣಸಿದ್ದನ ಬೆನ್ನ ಮೇಲೆ ಬಿದ್ದವು. ಸೊಂಟದಿಂದ ಕೆಳಗೆ ಜೀವವೇ ಇಲ್ಲದಂತಾಯಿತು. ಆಸ್ಪತ್ರೆಯಿಂದ ಬಿಟ್ಟಾಗ ಅವನ ಟೋಳಿಯವರೇ, ಜೊತೆಯಲ್ಲಿ ಚೀಲ ಹೊರುವ ಹಮಾಲರು, ಹೊತ್ತುಕೊಂಡು ಗುಡ್ಡದ ಮೆಟ್ಟಿಲು ಹತ್ತಿಸಿ ಹಾಸಿಗೆಯಲ್ಲಿ ಮಲಗಿಸಿ ಹೋದರು. ಆಮೇಲೆ ಅವರಲ್ಲಿ ಒಬ್ಬನೂ ಇತ್ತ ತಲೆ ಹಾಕಲಿಲ್ಲ. ರೇವಣಸಿದ್ದ ಗೋಡೆಯ ಕಡೆ ಮುಖ ಮಾಡಿದ. ಉಣ್ಣು ಎಂದರೆ ಉಣ್ಣುವುದಿಲ್ಲ, ಮಾತಾಡಿಸಿದರೆ ಮಾತಿಲ್ಲ.

ಹೊತ್ತು ಹೋಗಲಿ ಎಂದು ಭಾಗ್ಯಾ ಹಳೆಯ ಮೊಬೈಲಿನಲ್ಲಿ ಒಂದು ವಿದೇಶಿ ಸೀರಿಯಲ್ಲು ಹಚ್ಚಿಕೊಟ್ಟಳು. ಮಾತೆಲ್ಲ ಹಿಂದಿಗೆ ಮಾಡಿದ್ದರು. ಅದರಲ್ಲಿ ಒಂದು ಹಳೆಯ ಹಡಗು ಚುಕ್ಕಿಯಿಂದ ಚುಕ್ಕಿಗೆ ಹಾರುತ್ತದೆ. ಆದರೆ ಎಲ್ಲಿ ಇಳಿದರೂ ಕೆಂಪು ಧೂಳು, ಟೊಪ್ಪಿಗೆ ಹಾಕಿದ ಜನ, ಸೊಂಟದಲ್ಲಿ ಪಿಸ್ತೂಲು, ಕುದುರೆ ಸವಾರಿ. ರಾಕೆಟ್ಟಿನಲ್ಲಿ ಬಂದವರು ಕುದುರೆ ಹತ್ತುವುದನ್ನು ಕಂಡು ಮರಗಮ್ಮನಿಗೆ ನಗು ಬಂತು. ಮನೆಯಲ್ಲಿ ಅದಕ್ಕೆ ಕುದುರೆ ಸೀರಿಯಲ್ಲು ಎಂದೇ ಹೆಸರಾಯಿತು.

ರೇವಣಸಿದ್ದ ಮಾತ್ರ ನಗಲಿಲ್ಲ. ಹಡಗಿನವರು ಕಂಡವರ ಪೆಟ್ಟಿಗೆ ಹೊತ್ತು ಬದುಕುವವರು. ಎತ್ತುವ ಮೊದಲು ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ, ಜಗಳಾಡುತ್ತಾರೆ, ಕಡೆಗೆ ಒಂದೇ ಪಾತ್ರೆಯ ಸುತ್ತ ಕೂತು ಉಣ್ಣುತ್ತಾರೆ. "ಇವ್ರೂ ನಮ್ಮಂಗ ಹಮಾಲ್ರ ಅದಾರ," ಎಂದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ಮಾತು ಅದು. ಅವರಲ್ಲಿ ಕಾಲಿಲ್ಲದ ಮುದುಕನೊಬ್ಬನಿದ್ದ. ನೆಲದ ಮೇಲೆ ತೆವಳುತ್ತ ಅಡುಗೆ ಮಾಡುತ್ತಿದ್ದ. ಅವನನ್ನು ಬಿಟ್ಟು ಹಡಗು ಎಲ್ಲಿಗೂ ಹೊರಡುತ್ತಿರಲಿಲ್ಲ. ಆ ಮುದುಕ ಬಂದಾಗಲೆಲ್ಲ ರೇವಣಸಿದ್ದ ಮೊಬೈಲನ್ನು ಮುಖದ ಹತ್ತಿರ ಹಿಡಿಯುತ್ತಿದ್ದ. ಬೇಗ ಮುಗಿದುಹೋದೀತೆಂದು ದಿನಕ್ಕೆ ಒಂದೇ ಭಾಗ ನೋಡುತ್ತಿದ್ದ. ಎರಡು ತುತ್ತು ಉಣ್ಣತೊಡಗಿದ.

ಒಂದು ಮುಂಜಾನೆ ಮರಗಮ್ಮ ಅವನ ಮೈ ಒರೆಸುತ್ತಿದ್ದಾಗ ಸಮಾಧಾನದ ದನಿಯಲ್ಲೇ ಹೇಳಿದ: "ಇದೊಂದು ಮುಗೀಲಿ. ಆಮ್ಯಾಲ ನಾ ನಿಮಗ ಭಾರ ಆಗಂಗಿಲ್ಲ."

ಅವಳು ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟಳು. ಅಂಗಳಕ್ಕೆ ಬಂದು ಮಗಳನ್ನು ಕೇಳಿದಳು, ಇನ್ನೆಷ್ಟು ಉಳಿದಿದೆ ಎಂದು. ಭಾಗ್ಯಾ ಎಂದಿನಂತೆ ಹಿಂದಿಯಲ್ಲೇ ಅಂದಳು: "ಚಾರ್ ಹೀ ಬಚೇ ಹೈ ಮಮ್ಮಿ. ಉಸ್ಕೇ ಬಾದ್ ಬಂದ್ ಹೋ ಗಯಾ ಥಾ." ನಾಲ್ಕೇ ಭಾಗ ಉಳಿದಿದ್ದವು, ಆಮೇಲೆ ಸೀರಿಯಲ್ಲೇ ನಿಂತುಹೋಗಿತ್ತು.

ಆಫೀಸಿನ ಮಾನಸಿ ಮ್ಯಾಡಮ್ಮಿಗೆ ಆ ಸೀರಿಯಲ್ಲು ಗೊತ್ತಿತ್ತು. ಕಾಲೇಜಿನಲ್ಲಿ ಹುಚ್ಚು ಹಿಡಿದವರಂತೆ ನೋಡಿದ್ದರಂತೆ. ಶುರುವಿನಲ್ಲಿ ನೋಡುವವರಿಲ್ಲವೆಂದು ಟಿವಿಯವರು ನಡುವೆಯೇ ನಿಲ್ಲಿಸಿದರು, ನಿಂತ ಮೇಲೆ ಲೋಕವೆಲ್ಲ ಬೇಕು ಬೇಕು ಎಂದಿತು, ಈಗ ಅದರಲ್ಲಿ ಪಾತ್ರ ಮಾಡಿದವರಿಗೂ ವಯಸ್ಸಾಗಿದೆ ಎಂದರು. ಅಂಥಾದ್ದೇನಿದೆ ಅದರಲ್ಲಿ ಎಂದು ಮರಗಮ್ಮ ಕೇಳಿದಳು. ಮಾನಸಿ, ಹಡಗಿನವರಿಗೆ ಬೇರೆ ಯಾರೂ ಇಲ್ಲವಲ್ಲ ಮಾವಶಿ, ಅದಕ್ಕೇ ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದರು. ಇಷ್ಟು ಕಂಪ್ಯೂಟರುಗಳಿವೆ, ಒಂದೇ ಒಂದು ಭಾಗ ಇಲ್ಲೇ ಮಾಡಿಕೊಡಲು ಬರುತ್ತದೆಯೇ ಎಂದು ಮರಗಮ್ಮ ಕೈ ಮುಗಿದು ಕೇಳಿದಳು. ಯಾಕೆಂದು ಮಾತ್ರ ಹೇಳಲಿಲ್ಲ. ಅದು ಬರುವುದಿಲ್ಲ ಮಾವಶಿ ಎಂದು ಮಾನಸಿ ಅವಳ ಕೈ ಹಿಡಿದುಕೊಂಡರು.

ಅಂದು ಮಧ್ಯಾಹ್ನವೇ ರಜೆ ಕೇಳಿ ತುರ್ಭೆಗೆ ಹೋದಳು. ಟೋಳಿಗೆ ಹಿರಿಯನಾದ ಮುಕದ್ದಮ ಚಂದ್ರಾಮ ಲಾರಿಯ ಹಿಂದೆ ಕೊಕ್ಕೆ ಹಿಡಿದು ನಿಂತಿದ್ದ. ಎಲ್ಲರೂ ಒಮ್ಮೆ ಬಂದು ಮುಖ ತೋರಿಸಿರಿ ಎಂದು ಬೇಡಿಕೊಂಡಳು. ಚಂದ್ರಾಮ ತಲೆ ಎತ್ತಲಿಲ್ಲ.

"ಯಾವ ಮಾರಿ ಹೊತ್ಕೊಂಡು ಬರ್ಲಿ ವೈನಿ? ಆ ಚೀಲ ಒಟ್ಟಿದವ್ರು ನಾವ ಅದೀವಿ."

ಆದರೂ ಐತವಾರ ಬರುತ್ತೇವೆ ಎಂದ. ಐತವಾರ ಮರಗಮ್ಮ ಹೆಚ್ಚು ರೊಟ್ಟಿ ಬಡಿದು ದಾರಿ ಕಾದಳು. ಯಾರೂ ಬರಲಿಲ್ಲ. ಕಡೆಯ ಭಾಗ ನೋಡುವ ದಿನವೂ ಅಂದೇ. ಮೊಬೈಲು ಬಚ್ಚಿಡಬೇಕೆಂದುಕೊಂಡಳು, ಬಚ್ಚಿಟ್ಟರೆ ಇನ್ನೇನಾದೀತೋ ಎಂದು ಹೆದರಿ ತಾನೂ ಅವನ ಪಕ್ಕ ಕೂತಳು.

ಹಡಗು ಕೆಟ್ಟು ಒಂದು ಬರಡು ನೆಲದಲ್ಲಿ ಇಳಿದಿತ್ತು. ಉಳಿದವರು ನೀರು ಹುಡುಕಲು ಕುದುರೆ ಹತ್ತಿ ಹೋದರು. ಕಾಲಿಲ್ಲದ ಮುದುಕ ಬಂದೂಕು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತ. ಧೂಳು ಏಳುತ್ತಿತ್ತು. ಅಷ್ಟಕ್ಕೇ ತೆರೆಯ ಮೇಲೆ ಕಡೆಯ ಹೆಸರುಗಳು ಬಂದವು.

ರೇವಣಸಿದ್ದ ಮೊಬೈಲಿನಿಂದ ಕಣ್ಣೆತ್ತಿ ಕೇಳಿದ: "ಅವ್ರು ತಿರುಗಿ ಬಂದ್ರೇನು?"

ಸುಳ್ಳು ಹೇಳಲು ಅವಳ ನಾಲಗೆ ಹೊರಳಲಿಲ್ಲ. "ಯಾರಿಗೂ ಗೊತ್ತಿಲ್ಲ. ಮುಂದ ಮಾಡೇ ಇಲ್ಲ. ನನಗ ಮೊದ್ಲ ಗೊತ್ತಿತ್ತು."

ಅವನು ಗಟ್ಟಿಯಾಗಿ ಅತ್ತ. ಬೆನ್ನು ಮುರಿದಾಗಲೂ ಹಾಗೆ ಅತ್ತಿರಲಿಲ್ಲ. ಹೀಗೆ ನಡುನೀರಿನಲ್ಲಿ ಕೈಬಿಟ್ಟವರನ್ನು ಬಾಯಿಗೆ ಬಂದಂತೆ ಬೈದ. ಮೊದಲು ಟಿವಿಯವರನ್ನು, ಆಮೇಲೆ ಹೆಸರು ಹಿಡಿದು ಟೋಳಿಯವರನ್ನು. ಬೈದು ದಣಿದ ಮೇಲೆ ಮೆಲ್ಲಗೆ ಅಂದ: "ಹಂಗಾದ್ರ ಆ ಮುದುಕ ಇನ್ನಾ ಅಲ್ಲೇ ಕುಂತಾನ."

"ಕೂಡ್ಲಿ. ನೀವೂ ಕೂಡ್ರಿ," ಎಂದಳು ಮರಗಮ್ಮ. "ನಾ ಎಲ್ಲಿ ಬಿಟ್ಟು ಹೋಗೀನಿ?"

ಮರುದಿನ ಓಣಿಯವರನ್ನು ಕರೆದು ಅವನನ್ನು ಕುರ್ಚಿಯ ಸಮೇತ ಕೆಳಗಿಳಿಸಿ, ಸರಕಾರಿ ದವಾಖಾನೆಯ ಮನಸ್ಸಿನ ಡಾಕ್ಟರ ಮುಂದೆ ಕೂರಿಸಿ, ಅವನು ಆಡಿದ್ದ ಮಾತನ್ನು ಇದ್ದಂತೆ ಹೇಳಿದಳು. ರೇವಣಸಿದ್ದ ಬೇಡ ಎನ್ನಲಿಲ್ಲ. ದೀಪಾವಳಿ ಕಳೆದ ಮೇಲೆ ಚಂದ್ರಾಮ ಒಬ್ಬನೇ ಬಂದ. ಬಾಗಿಲಲ್ಲಿ ನಿಂತೇ ಇದ್ದ. ಒಳಗೆ ಬಾ ಎಂದು ರೇವಣಸಿದ್ದನೇ ಕರೆಯಬೇಕಾಯಿತು.

ಕಾಲು ಮರಳಿ ಬರಲಿಲ್ಲ. ಗುಳಿಗೆ ನಡೆದಿದೆ. ಕೆಲವು ದಿನ ಅವನು ಮಾತಾಡುತ್ತಾನೆ, ಕೆಲವು ದಿನ ಮತ್ತೆ ಗೋಡೆಯ ಕಡೆ ತಿರುಗುತ್ತಾನೆ. ಅಂಥ ದಿನ ಮರಗಮ್ಮ ಮಹಾಪೆಯ ಕೆಲಸಕ್ಕೆ ಹೋಗುವುದಿಲ್ಲ. ಅವನ ಹಾಸಿಗೆಯ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಾಳೆ.