ಜಗಳಕ್ಕೊಂದು ಮುಖ ಬೇಕು

ನನಗೆ ಜಗಳ ಇಷ್ಟ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ, ಬಿಪಿ ಮಾತ್ರೆ ನುಂಗುವ ವಯಸ್ಸಿನ ಹೆಂಗಸು ಹೀಗೆ ಬಾಯಿಬಿಟ್ಟು ಹೇಳಬಾರದು, ಗೊತ್ತು. ಆದರೆ ನಮ್ಮ ಹೊಳೆನರಸೀಪುರದ ಸಂತೆಯಲ್ಲಿ ಅವರೆಕಾಯಿ ಮಾರುವವಳ ಜೊತೆ ಚೌಕಾಸಿಗಿಳಿದು, ಅವಳು ತಕ್ಕಡಿ ಕುಕ್ಕಿ, ನಾನು ಚೀಲ ಮಡಚಿಕೊಂಡು ಮುಂದೆ ಹೋದಂತೆ ಮಾಡಿ, ಅವಳು "ಬನ್ನಿ ಬನ್ನಿ, ನಿಮ್ಮಂತೋರ ಜತೆ ಯಾಪಾರ ಮಾಡುದ್ರೆ ನಾನು ಉದ್ಧಾರ ಆದಂಗೇಯ" ಎಂದು ಕೂಗಿ ಕರೆದು, ಮೇಲೊಂದು ಹಿಡಿ ಕಾಯಿ ಹಾಕುವಷ್ಟರಲ್ಲಿ ನನ್ನ ಮೈ ಹಗುರಾಗಿರುತ್ತದೆ. ದಿನಾ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ, ಶಾಲೆಯ ಮುಂದೆ ನಿಲ್ಲಿಸುವ ವಿಷಯಕ್ಕೆ ಕಂಡಕ್ಟರನ ಜೊತೆ ಜೋರಾಗಿ ಆಗುತ್ತದೆ. ಮಾರನೆಯ ದಿನ ಅವನೇ ಯಾರನ್ನೋ ಎಬ್ಬಿಸಿ ನನಗೆ ಸೀಟು ಕೊಡಿಸುತ್ತಾನೆ.

ಇಂಥ ನನ್ನನ್ನು ಒಂದು ಕ್ರೆಡಿಟ್ ಕಾರ್ಡು ಅಳಿಸಿತು.

ಕಾರ್ಡು ಬಂದದ್ದೂ ನನ್ನ ದುರಾಸೆಯಿಂದಲೇ. ಹಾಸನದ ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಯೊಬ್ಬಳು, ಕಾರ್ಡು ತೆಗೆದುಕೊಂಡರೆ ಒಂದು ಟ್ರಾಲಿ ಬ್ಯಾಗು ಉಚಿತ ಎಂದಳು. ಬ್ಯಾಗಿನ ಚಕ್ರ ಮೊದಲ ಪ್ರಯಾಣದಲ್ಲೇ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕಳಚಿಕೊಂಡಿತು. ಕಾರ್ಡು ಮಾತ್ರ ಗಟ್ಟಿಯಾಗಿ ಉಳಿಯಿತು. ಒಂದು ತಿಂಗಳ ಬಿಲ್ಲಿನಲ್ಲಿ, ದೆಹಲಿಯ ಒಂದು ಜಿಮ್ಮಿಗೆ ನಾನು ಇಡೀ ವರ್ಷದ ಸದಸ್ಯತ್ವ ಪಡೆದಿದ್ದೇನೆ ಎಂದಿತ್ತು. ನಮ್ಮ ಯಜಮಾನರು ಬಿಲ್ಲನ್ನೂ ನನ್ನನ್ನೂ ಒಂದೆರಡು ಸಲ ಹಿಂದೆ ಮುಂದೆ ನೋಡಿದರು. "ಜಿಮ್ಮಿಗೆ ಹೋಗಿರೋ ಲಕ್ಷಣ ಏನೂ ಕಾಣ್ತಾ ಇಲ್ಲವಲ್ಲೇ" ಎಂದರು. ಅವರ ಮಟ್ಟಿಗೆ ನನ್ನ ನಿರಪರಾಧಿತ್ವ ಅಲ್ಲಿಗೆ ಸಾಬೀತಾಯಿತು.

ಕಂಪನಿಯ ಮಟ್ಟಿಗೆ ಆಗಲಿಲ್ಲ. ಕನ್ನಡಕ್ಕೆ ಇಷ್ಟನ್ನು ಒತ್ತಿ ಎಂದಿತು ಫೋನು, ಒತ್ತಿದೆ. ಬಂದವರು ಹಿಂದಿಯಲ್ಲಿ ನಮಸ್ಕರಿಸಿದರು. ಪಿಟೀಲಿನ ಒಂದೇ ತುಣುಕನ್ನು ಕೇಳಿಸಿ ಕೇಳಿಸಿ, ಕೊನೆಗೆ ಕನ್ನಡದವನೊಬ್ಬನನ್ನು ಕೊಟ್ಟರು. "ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ ಮೇಡಂ" ಎಂದ. ನಾನು ದನಿ ಏರಿಸಿದೆ. ಅವನು ಅದೇ ದನಿಯಲ್ಲಿ ವಿಷಾದಿಸಿದ. ಇನ್ನೂ ಏರಿಸಿದೆ, ಇನ್ನೂ ವಿಷಾದಿಸಿದ. ಮಾರನೆಯ ದಿನ ಫೋನು ಮಾಡಿದರೆ ಬೇರೆ ದನಿ. ನಿನ್ನೆಯ ಜಗಳ ಅದಕ್ಕೆ ಗೊತ್ತೇ ಇಲ್ಲ. ನಾನು ಮತ್ತೆ ಜಿಮ್ಮಿನಿಂದ ಶುರು ಮಾಡಬೇಕು. ಬೈದರೆ ತಿರುಗಿ ಬೈಯಬೇಕು, ಇಲ್ಲವೇ ನಾಚಬೇಕು, ಕನಿಷ್ಠ ಒಂದು ಲೋಟ ನೀರಾದರೂ ಕೊಡಬೇಕು. ಇವರಲ್ಲಿ ಯಾವುದೂ ಇಲ್ಲ. ಹತ್ತಿಯ ಮೂಟೆಗೆ ಗುದ್ದಿ ಗುದ್ದಿ ನನ್ನ ಕೈಯೇ ಸೋತಿತು.

ಆ ದಿನಗಳಲ್ಲೇ ಮಕ್ಕಳನ್ನು ಕೊರವಂಗಲದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ಬಂದಿದ್ದ ಸಮಾಜ ವಿಜ್ಞಾನದ ಮೇಷ್ಟ್ರು ಹಳೆಯ ದಾನಶಾಸನಗಳ ವಿಷಯ ವಿವರಿಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ಮೂಡಣಕ್ಕೆ ಯಾವ ಕೆರೆ, ತೆಂಕಣಕ್ಕೆ ಯಾವ ಕಲ್ಲು, ಎಲ್ಲವನ್ನೂ ಕೆತ್ತಿಸಿ, ಕಡೆಗೆ ಇದಕ್ಕೆ ತಪ್ಪಿದವನು ಗಂಗೆಯ ದಡದಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಪಿಸುತ್ತಿದ್ದರಂತೆ. ನನಗೆ ಹೊಟ್ಟೆ ಉರಿಯಿತು. ಒಪ್ಪಂದ ಎಂದರೆ ಹಾಗಿರಬೇಕಪ್ಪ! ಊರೆದುರಿಗೆ, ಕಲ್ಲಿನ ಮೇಲೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ನನ್ನ ಕಾರ್ಡಿನ ಷರತ್ತುಗಳು ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿದ್ದವು. ಅದರಲ್ಲೂ ಶಾಪವೇನೋ ಇತ್ತು, ಆದರೆ ಎಲ್ಲವೂ ನನಗೇ.

ಕೊನೆಗೂ ಕಂಪನಿ ಒಂದು ಹೆಜ್ಜೆ ಮುಂದೆ ಬಂತು. ಕಾರ್ಡಿನಲ್ಲಿದ್ದದ್ದು ನನ್ನ ಹಳೆಯ ಚನ್ನರಾಯಪಟ್ಟಣದ ವಿಳಾಸ, ಈಗಿರುವುದು ಹೊಳೆನರಸೀಪುರ. ಆದ್ದರಿಂದ ಒಬ್ಬ ಪ್ರತಿನಿಧಿ ಮನೆಗೆ ಬಂದು ಪರಿಶೀಲಿಸುತ್ತಾನೆ, ನಂತರ ನಿಮ್ಮ ದೂರು ಇತ್ಯರ್ಥ ಎಂದರು. ನನಗೆ ಹಬ್ಬವಾಯಿತು. ಒಂದು ಮುಖ ಬರುತ್ತಿದೆ! ಆದರೆ ಮುಖ ಬರಲಿಲ್ಲ, ಸಂದೇಶ ಬಂತು. ಗ್ರಾಹಕರು ಸದರಿ ವಿಳಾಸದಲ್ಲಿ ವಾಸವಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ, ಬಡ್ಡಿಸಮೇತ ಪಾವತಿಸಿ. ಸದರಿ ವಿಳಾಸದಲ್ಲೇ ನಿಂತು ಅದನ್ನು ಓದಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆಯ ಪುಟ್ಟತಾಯಮ್ಮ ಜಗುಲಿಯ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದರು. "ಯಾರಾದರೂ ನನ್ನ ಕೇಳಿಕೊಂಡು ಬಂದಿದ್ದರಾ?" ಎಂದೆ.

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಬಂದಿದ್ದ ಕಣ್ ಟೀಚರಮ್ಮ. ಬೂಟು ಆಕ್ಕಂಡು, ಬ್ಯಾಗು ನೇತಾಕ್ಕಂಡು. ನಿಮ್ಮನೆ ಬಾಗ್ಲುದು ಪಟ ಹೊಡ್ಕತಿದ್ದ. ನಂಗೆ ತಿಳೀದಾ, ಯಾತಕ್ ಬಂದವ್ನೆ ಅಂತ? ಅವ್ರು ಮನೆ ಖಾಲಿ ಮಾಡ್ಕಂಡು ಓಗಿ ವರ್ಸಾಯ್ತು ಅಂದ್ಬುಟ್ಟೆ."

"ಅಯ್ಯೋ, ಯಾಕ್ರೀ ಹಾಗಂದ್ರಿ?"

"ಸುಮ್ಕಿರಿ. ಮೂಲೆ ಗಿರಣಿ ರಂಗಸ್ವಾಮಿ ತಾವ್ಲೂ ಕೇಳುದ್ನಂತೆ. ಆ ಎಸ್ರಿನೋರು ಈ ಬೀದೀಲೇ ಇಲ್ಲ ಸಾ ಅಂತ ಅವ್ನೂ ಅಂದವ್ನೆ. ನಾವ್ ಬಿಟ್ಕೊಡ್ತೀವಾ?"

ಬ್ಯಾಗು ಹಾಕಿಕೊಂಡ ಅಪರಿಚಿತ ಎಂದರೆ ಸಾಲ ವಸೂಲಿಯವನೇ; ಅವನು ಯಾರ ಹೆಸರನ್ನೇ ಕೇಳಲಿ, ಅವರು ಇಲ್ಲ ಎನ್ನುವುದು ನಮ್ಮ ಬೀದಿಯ ಹಳೆಯ ರಿವಾಜು. ಇಲ್ಲಿ ಐದು ವರ್ಷವಿದ್ದೂ ಅದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ, ಅಷ್ಟೆ. ನಾನು ಸಾಲಗಾರ್ತಿಯಲ್ಲ, ಅದು ಕಂಪನಿಯ ತಪ್ಪು, ಜಿಮ್ಮು, ದೆಹಲಿ ಎಂದು ಉಸಿರು ಕಟ್ಟಿ ವಿವರಿಸಿದೆ. ಪುಟ್ಟತಾಯಮ್ಮ ಕನಿಕರದಿಂದ ತಲೆಯಾಡಿಸಿದರು. "ಓಗ್ಲಿ ಬಿಡಿ, ಯಾರಿಗ್ ಬರಾಕಿಲ್ಲ ಕಷ್ಟ" ಎಂದರು. ನನ್ನ ಮೈಯೆಲ್ಲ ಉರಿಯಿತು. ಹಣ ಹಾಳಾಗಿ ಹೋಗಲಿ, ಈ ಬೀದಿಯಲ್ಲಿ ನನ್ನ ಹೆಸರು ಉಳಿಯಬೇಕಲ್ಲ! ಸಾಲ ಮಾಡಿ ತಲೆಮರೆಸಿಕೊಂಡ ಟೀಚರಮ್ಮ ಎಂದು ಅಕ್ಕಿ ಹಿಟ್ಟು ಬೀಸುವಾಗ ರಂಗಸ್ವಾಮಿ ಯಾರ್ಯಾರಿಗೆ ಹೇಳಿದನೋ ಎಂದು ಯೋಚಿಸಿ, ಒಂದು ವಾರ ಗಿರಣಿಯ ದಾರಿ ಬಿಟ್ಟು ಸುತ್ತಿ ಬಳಸಿ ಬಸ್ಸಿಗೆ ಹೋದೆ.

ಮತ್ತೆ ಪಿಟೀಲು, ಮತ್ತೆ ವಿಷಾದ, ಮತ್ತೆ ಪರಿಶೀಲನೆ. ಈ ಸಲ ಶಾಲೆಗೆ ರಜೆ ಹಾಕಿ ಬೆಳಗಿನಿಂದ ಬಾಗಿಲಲ್ಲೇ ಕೂತೆ. ನಾನು ಇದ್ದೇನೆ ಎಂದೇ ಹೇಳಬೇಕೆಂದು ಪುಟ್ಟತಾಯಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಅವನು ಬಂದ. ಇಷ್ಟು ತಿಂಗಳು ಕಾದಿದ್ದ ಮುಖ! ಬಿಸಿಲಿಗೆ ಬೆವರಿ, ಬೆಳಗಿನ ತಿಂಡಿಯನ್ನೂ ತಿಂದಿರದ ಮುಖ. ನಾನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಜಗುಲಿಯಿಂದಿಳಿದು ಬಂದು ಅವನ ಮುಂದೆ ಕೈಮುಗಿದು ನಿಂತರು. "ಇವ್ರೇ ಕಣಪ್ಪ. ಭಾಳ ಒಳ್ಳೇ ಎಂಗ್ಸು. ಒಂಚೂರು ಟೈಮ್ ಕೊಡು, ಎಂಗೋ ಕಟ್ಬುಡ್ತಾರೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನಿಗೆ ನಗು ಬಂತು. ಕೂಡಿಟ್ಟಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ, ಒಳಗೆ ಕರೆದು ಉಪ್ಪಿಟ್ಟು ಕೊಟ್ಟೆ. ತಿನ್ನುತ್ತಲೇ ಬಾಗಿಲಿನ ಪಟ ಹೊಡೆದುಕೊಂಡ. ಸ್ವಲ್ಪ ದಿನಕ್ಕೆ ಸದರಿ ಮೊತ್ತವನ್ನು ರದ್ದುಪಡಿಸಲಾಗಿದೆ ಎಂಬ ಸಂದೇಶ ಬಂತು. ನಾನು ಗೆದ್ದಿದ್ದೆ. ಓಡಿ ಹೋಗಿ ಪುಟ್ಟತಾಯಮ್ಮನಿಗೆ ಫೋನು ತೋರಿಸಿದೆ. ಅವರು ಅದರ ಕಡೆ ನೋಡಲೂ ಇಲ್ಲ. "ಅಂತೂ ಕಟ್ಟಿ ಮುಗಿಸುದ್ರಲ್ಲ, ನೆಮ್ದಿಯಾಯ್ತು" ಎಂದು ನನ್ನ ಬೆನ್ನು ಸವರಿದರು. ಕಂಪನಿಯ ಮೇಲೆ ಗೆದ್ದವಳು ಬೀದಿಯ ಮುಂದೆ ಶಾಶ್ವತವಾಗಿ ಸೋತೆ.

ಇದೆಲ್ಲ ಆಗಿ ತಿಂಗಳಾಗಿರಬಹುದು. ಹೋದ ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಬೀಗ ತೆಗೆಯುತ್ತಿದ್ದೆ. ಹಿಂದಿನಿಂದ ಒಬ್ಬ, "ಇಲ್ಲಿ ಪುಟ್ಟತಾಯಮ್ಮ ಅನ್ನೋರ ಮನೆ ಯಾವುದು?" ಎಂದ. ತಿರುಗಿ ನೋಡಿದೆ. ಕಾಲಲ್ಲಿ ಬೂಟು, ಹೆಗಲಲ್ಲಿ ಬ್ಯಾಗು. ಪಕ್ಕದ ಬಾಗಿಲಿಗೂ ಬೀಗವಿತ್ತು. ನಾನು ಯೋಚಿಸಲೇ ಇಲ್ಲ. "ಆ ಹೆಸರಿನವರು ಈ ಬೀದಿಯಲ್ಲಿ ಯಾರೂ ಇಲ್ಲ" ಎಂದುಬಿಟ್ಟೆ. ಅವನು ಏನೋ ಬರೆದುಕೊಂಡು ಹೋದ. ನನಗೆ ಒಂದು ಸಣ್ಣ ಹೆಮ್ಮೆಯೂ ಆಯಿತು.

ಸಂಜೆ ಅವರಿಗೆ ಹೇಳಿದೆ. ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನವ್ವ! ವೃದ್ಧಾಪ್ಯ ವೇತನಕ್ಕೆ ಅರ್ಜಿ ಆಕಿದ್ದೆ. ನೋಡಾಕ್ ಬತ್ತೀವಿ ಅಂದಿದ್ರು. ಅವ್ನೇ ಇರ್ಬೇಕು!"

ನಾನು ಕ್ಷಮೆ ಕೇಳಲು ಹೊರಟರೆ, ಅವರು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಗಹಗಹಿಸಿ ನಗತೊಡಗಿದರು. ಕಣ್ಣೊರೆಸಿಕೊಂಡು, "ಓಗ್ಲಿ ಬಿಡಿ ಟೀಚರಮ್ಮ. ಈಗ್ ನೀವು ನಮ್ ಬೀದಿಯೋರಾದ್ರಿ" ಎಂದರು.

ಬರುವ ಸೋಮವಾರಕ್ಕೆ ಅರ್ಧ ದಿನ ರಜೆ ಹಾಕಿದ್ದೇನೆ. ಇಬ್ಬರೂ ತಾಲ್ಲೂಕು ಕಚೇರಿಗೆ ಹೋಗಿ, ಪುಟ್ಟತಾಯಮ್ಮ ಇದ್ದಾರೆ, ಇದೇ ಬೀದಿಯಲ್ಲಿದ್ದಾರೆ, ಇಗೋ ಇವರೇ ಎಂದು ಹೇಳಿ ಬರಬೇಕು. ಇಷ್ಟು ಬೇಗ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಮೇಜಿನ ಆಚೆಗೆ ಮೂಗು, ಬಾಯಿ, ಕಿವಿ ಎಲ್ಲ ಇರುವ ಒಬ್ಬ ಮನುಷ್ಯ ಕೂತಿರುತ್ತಾನೆ. ನಾನು ಇವತ್ತಿನಿಂದಲೇ ಗಂಟಲಿಗೆ ಬಿಸಿನೀರು ಕುಡಿಯುತ್ತಿದ್ದೇನೆ.